ಹನ್ನೆರಡರಲ್ಲಿ ನಾಲ್ಕನೆಯದು

ಕ್ಯಾಪ್ಸೂಲು ಬಸ್ ಡ್ರೈವರನ ನಾಲಿಗೆಯ ಮೇಲೆ ಕೂತು ಆಗಲೇ ಏಳು ನಿಮಿಷವಾಗಿತ್ತು. ಒಳಗೆ ಹೋಗುವ ಲಕ್ಷಣವಿಲ್ಲ, ಉಗುಳೋಣವೆಂದರೆ ಮರ್ಯಾದೆ ಬಿಡುತ್ತಿಲ್ಲ. ಅವನ ಬಾಯಿಯ ಮೂಲೆಯಿಂದ ಇಳಿಬಿದ್ದ ತೆಳ್ಳನೆಯ ಬಿಳಿ ದಾರ ಸಿಸ್ಟರ್ ಬೆರಳುಗಳ ನಡುವೆ ಹಾದು ಪಕ್ಕದ ಮೇಜಿನ ಯಂತ್ರಕ್ಕೆ ಸೇರಿತ್ತು. ಆಳು ಆರಡಿ ಎತ್ತರ, ಮೂವತ್ತು ವರ್ಷ ಸ್ಟೇರಿಂಗ್ ತಿರುಗಿಸಿದ ತೋಳು. ಅಂಥವನು ಒಂದು ದೊಡ್ಡ ಮಾತ್ರೆಯಷ್ಟಿದ್ದ ವಸ್ತುವಿಗೆ ಹೆದರಿ, ಕುರ್ಚಿಯ ಎರಡೂ ಕೈಗಳನ್ನು ಅವುಚಿ ಹಿಡಿದು, ಕಣ್ತುಂಬ ನೀರು ತುಂಬಿಕೊಂಡು ಕೂತಿದ್ದ.

"ನುಂಗ್ರೀ ಅಂದ್ರೆ," ಎಂದಳು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ ಅವನ ಹೆಂಡತಿ. "ಮನೇಲಿ ಎರಡೆರಡು ತುತ್ತು ಒಟ್ಟಿಗೆ ನುಂಗ್ತಾರೆ ಸಿಸ್ಟರ್, ಅಗಿಯೋದೂ ಇಲ್ಲ. ಇಲ್ಲಿ ನೋಡಿ, ಹಾಲು ಕುಡಿಯೋ ಮಗು ಥರ ಆಡ್ತಿದಾರೆ."

ಡ್ರೈವರ್ ಅವಳನ್ನು ದುರುಗುಟ್ಟಿ ನೋಡಿದ. ಬಾಯಿ ತುಂಬಿದ್ದರಿಂದ ಅವನಿಂದ ಅಷ್ಟೇ ಆದದ್ದು.

"ನೀವು ಸ್ವಲ್ಪ ಸುಮ್ನಿರಿ ಅಮ್ಮಾ," ಎನ್ನುತ್ತ ಸಿಸ್ಟರ್ ಡ್ರೈವರನ ಎದುರು ಸ್ಟೂಲು ಎಳೆದುಕೊಂಡು ಕೂತಳು. "ಅಣ್ಣಾ, ಕ್ಯಾಪ್ಸೂಲ್ ವಿಷಯ ಬಿಟ್ಹಾಕಿ. ನಿಮ್ಮ ಬಸ್ಸು ಎಷ್ಟನೇ ನಂಬರು? ಬೆರಳಲ್ಲಿ ತೋರಿಸಿ."

ಡ್ರೈವರ್ ಮೊದಲು ಒಂದು ಬೆರಳು, ಆಮೇಲೆ ನಾಲ್ಕು ಬೆರಳು ಎತ್ತಿದ.

"ಹದಿನಾಲ್ಕಾ? ಅಯ್ಯೋ, ಆ ಮಹಾರಾಯ ನೀವೇನಾ! ಮೊನ್ನೆ ಮುಕ್ಕಾಲು ಗಂಟೆ ಕಾಯಿಸಿ, ಆಮೇಲೆ ಬಂದು ಸ್ಟಾಪಲ್ಲಿ ನಿಲ್ಲಿಸದೇ ಹೋದ್ರಲ್ಲ, ನ್ಯಾಯವಾ ಇದು?"

ಸುಳ್ಳು ಆಪಾದನೆ ಕೇಳಿ ಡ್ರೈವರನ ಮೈ ಉರಿದುಹೋಯಿತು. ಉತ್ತರ ಕೊಡುವುದಕ್ಕೆ ಅವನು ಬಾಯಿ ತೆರೆದದ್ದೇ ತಡ, ಸಿಸ್ಟರ್ ನೀರಿನ ಲೋಟ ಅವನ ತುಟಿಗೆ ಹಿಡಿದಳು. ಗುಟುಕ್ ಎಂದಿತು. ಬಿಳಿ ದಾರ ಅವಳ ಬೆರಳ ಸಂದಿಯಿಂದ ತಾನಾಗಿ ಜಾರತೊಡಗಿತು.

"ಆಯ್ತು, ನುಂಗಿಬಿಟ್ರಿ. ಇನ್ನು ಅದಕ್ಕೆ ದಾರಿ ಗೊತ್ತು," ಎಂದಳು.

ಆ ಕ್ಯಾಪ್ಸೂಲಿನೊಳಗೆ ಸಾಸಿವೆಯಷ್ಟು ದೀಪ, ಅದರ ಪಕ್ಕದಲ್ಲಿ ಕ್ಯಾಮೆರಾ. ಗಂಟಲಿನಿಂದ ಹೊಟ್ಟೆಯವರೆಗಿನ ಅನ್ನನಾಳವನ್ನು ಒಳಗಿನಿಂದ ನೋಡಬೇಕೆಂದರೆ ಇದುವರೆಗೆ ಬೆರಳು ದಪ್ಪದ ಕೊಳವೆ ಇಳಿಸಬೇಕಿತ್ತು. ಅದಕ್ಕೆ ಮಂಪರು ಬರಿಸಬೇಕು, ಅರ್ಧ ದಿನ ಮಲಗಿಸಬೇಕು. ಈ ಕ್ಯಾಪ್ಸೂಲು ಸರಿಹೋದರೆ ಕೂತಲ್ಲೇ ನುಂಗಿ, ಹತ್ತು ನಿಮಿಷಕ್ಕೆ ಎದ್ದು ಮನೆಗೆ ಹೋಗಬಹುದು. ಸರಿಹೋಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ ನೋಡುವುದೇ ಆಸ್ಪತ್ರೆಯ ಮೂರನೇ ಮಹಡಿಯ ಆ ಕೋಣೆಯ ಕೆಲಸ. ಎರಡು ವರ್ಷದಲ್ಲಿ ಸಿಸ್ಟರ್ ಇನ್ನೂರಕ್ಕೂ ಹೆಚ್ಚು ಜನರಿಗೆ ನುಂಗಿಸಿದ್ದಳು. ಒಬ್ಬರಿಗೆ ಗದರಿಕೆ, ಒಬ್ಬರಿಗೆ ಮುದ್ದು, ಇನ್ನೊಬ್ಬರಿಗೆ ಜಗಳ. ಯಾರಿಗೆ ಯಾವುದು ಎಂದು ಮುಖ ನೋಡಿದರೆ ಅವಳಿಗೆ ತಿಳಿಯುತ್ತಿತ್ತು.

ಕ್ಯಾಪ್ಸೂಲು ಹೊಟ್ಟೆ ಸೇರಿದ ಮೇಲೆ ಅವಳು ದಾರವನ್ನು ಮೆಲ್ಲಗೆ ಮೇಲಕ್ಕೆ ಎಳೆಯತೊಡಗಿದಳು. ದಾರದ ಮೇಲೆ ಐದು ಸೆಂಟಿಮೀಟರಿಗೊಂದು ಕಪ್ಪು ಗೆರೆ. ಗೆರೆ ಹಲ್ಲಿನ ಹತ್ತಿರ ಬಂದಾಗಲೆಲ್ಲ ಗಟ್ಟಿಯಾಗಿ ಹೇಳುವುದು ಅವಳ ಪದ್ಧತಿ. ಕ್ಯಾಮೆರಾ ಎಲ್ಲಿದೆ ಎಂದು ಅದರಿಂದ ಗೊತ್ತಾಗುತ್ತದೆ.

"ನಲವತ್ತೈದು," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಲವತ್ತು."

"ಆಹಾ! ಎಷ್ಟು ಸ್ಪಷ್ಟ!" ಎಂದರು ಸ್ಕ್ರೀನಿನ ಮುಂದೆ ಕೂತಿದ್ದ ಇಂಜಿನಿಯರ್. ಈ ಕ್ಯಾಪ್ಸೂಲು ಮಾಡಿದವರೇ ಅವರು. ಐವತ್ತು ದಾಟಿದ ಮನುಷ್ಯ, ಕನ್ನಡಕ ಸದಾ ಮೂಗಿನ ತುದಿಯಲ್ಲಿ. "ಒಂದು ಗುಳ್ಳೆ ಇಲ್ಲ, ಒಂದು ಮಸುಕಿಲ್ಲ. ನೋಡಿ ಸಿಸ್ಟರ್, ನೋಡಿ!" ಯಾರ ಅನ್ನನಾಳವೇ ಆಗಲಿ, ಅವರ ಮೊದಲ ಮಾತು ಇದೇ. ಚಿತ್ರ ಸ್ಪಷ್ಟವಾಗಿದ್ದರೆ ಅವರ ಆ ದಿನ ಚೆನ್ನಾಗಿ ಹೋದಂತೆ.

ಸಿಸ್ಟರ್ ನೋಡಿದಳು. ಮಾಸಲು ಗುಲಾಬಿ ಬಣ್ಣದ ಗೋಡೆಯ ಮೇಲೆ, ಹೊಟ್ಟೆಯ ಬಾಯಿಂದ ಮೇಲಕ್ಕೆ, ಒಂದು ಪಕ್ಕದಲ್ಲಿ ಮಾತ್ರ, ಕೆಂಪನೆಯ ಪಟ್ಟಿಯೊಂದು ಹಬ್ಬಿತ್ತು. ನಲವತ್ತರ ಗೆರೆಯಲ್ಲಿ ಮುಗಿಯಬೇಕಿದ್ದ ಕೆಂಪು ಮೂವತ್ತೈದರ ಹತ್ತಿರ ಬಂದರೂ ಮುಗಿಯಲಿಲ್ಲ. ಅವಳ ಮುಖ ಬದಲಾಗಲಿಲ್ಲ. ಪೇಷಂಟು ಓದುವುದು ನರ್ಸಿನ ಮುಖವನ್ನು ಎಂದು ಅವಳಿಗೆ ಇಪ್ಪತ್ತೈದು ವರ್ಷದಿಂದ ಗೊತ್ತು. ಈಗ ಡಾಕ್ಟರ ಬಳಿಗೆ ಕಳಿಸುವ ಕೆಂಪು ದೀಪ ಬರಲಿ, ಕೆಂಪು ಬರಲಿ, ಎಂದು ಮನಸ್ಸಿನಲ್ಲೇ ಯಂತ್ರವನ್ನು ಬೇಡಿಕೊಂಡಳು.

ಯಂತ್ರ ಅರ್ಧ ನಿಮಿಷ ಯೋಚಿಸಿ ಹಸಿರು ದೀಪ ಹಚ್ಚಿತು.

"ಮನೆಗೆ ಹೋಗಬಹುದು," ಎಂದು ಇಂಜಿನಿಯರ್ ಸಂತೋಷದಿಂದ ಚೀಟಿ ಬರೆದರು.

ಡ್ರೈವರ್ ಕೂತಿದ್ದ ಕುರ್ಚಿಯ ಎದುರಿಗೆ ಗೋಡೆ. ಪೇಷಂಟು ಸ್ಕ್ರೀನು ನೋಡಿದರೆ ಗಾಬರಿಯಾಗಿ ದಾರ ಕಚ್ಚುತ್ತಾನೆಂದು ಕುರ್ಚಿಯನ್ನು ಆ ಕಡೆ ತಿರುಗಿಸಿ ಇಟ್ಟವಳು ಸಿಸ್ಟರೇ. ಬರೀ ಗೋಡೆ ನೋಡುವುದು ಬೇಸರವೆಂದು ಇಂಜಿನಿಯರ್ ಅಲ್ಲಿ ಒಂದು ದೊಡ್ಡ ಪೋಸ್ಟರ್ ಅಂಟಿಸಿದ್ದರು. ಕ್ಯಾಪ್ಸೂಲು ತೆಗೆದ ಚಿತ್ರಗಳಲ್ಲೆಲ್ಲ ಅತಿ ಸ್ಪಷ್ಟವಾದದ್ದು. ಅದರ ಕೆಳಗೆ, 'ಆರೋಗ್ಯವಂತ ಅನ್ನನಾಳ, ಮಾದರಿ ೪' ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ಮಾದರಿ ನಾಲ್ಕು ಸಿಸ್ಟರೇ.

ಅದಾದದ್ದು ಹೀಗೆ. ಕೆಲಸ ಶುರುವಾದಾಗ ದೊಡ್ಡ ಡಾಕ್ಟ್ರು ಒಂದು ನಿಯಮ ಮಾಡಿದ್ದರು. ನಾವು ನುಂಗದ್ದನ್ನು ಇನ್ನೊಬ್ಬರಿಗೆ ನುಂಗಿಸಬಾರದು. ಆ ಮೇಡಂ ಮಾತೆಂದರೆ ಮಾತು. ಒಂದು ಮಧ್ಯಾಹ್ನ ಆ ಮಹಡಿಯ ಹನ್ನೆರಡು ಜನ ಸಾಲಾಗಿ ನಿಂತು ನುಂಗಿದರು. ಮೊದಲು ಡಾಕ್ಟ್ರು, ಆಮೇಲೆ ಇಂಜಿನಿಯರ್, ಮೂರನೆಯವಳು ನೆಲ ಒರೆಸುವ ಹೆಂಗಸು, ನಾಲ್ಕನೆಯವಳು ಸಿಸ್ಟರ್. ನುಂಗುವ ಮೊದಲು ಒಂದು ಫಾರಂ ತುಂಬಬೇಕಿತ್ತು. ಎದೆಯುರಿ ಇದೆಯೇ? ಹುಳಿತೇಗು ಬರುತ್ತದೆಯೇ? ನುಂಗಲು ಕಷ್ಟವಾಗುತ್ತದೆಯೇ? ಊಟದ ಹೊತ್ತೇ ಗೊತ್ತಿಲ್ಲದ ಡ್ಯೂಟಿ ಮಾಡಿದ ನರ್ಸಿಗೆ ಎದೆಯುರಿ ಇಲ್ಲದಿದ್ದರೆ ಇನ್ಯಾರಿಗಿದ್ದೀತು? ಅವಳ ಚೀಲದಲ್ಲಿ ಬಾಚಣಿಗೆ ಮರೆತುಹೋಗಬಹುದು, ಎದೆಯುರಿಯ ಮಾತ್ರೆ ಮರೆಯುತ್ತಿರಲಿಲ್ಲ. ಆದರೂ ಹಿಂದೆ ಎಂಟು ಜನ ಕಾಯುತ್ತಿದ್ದರು, ಎಲ್ಲರೂ 'ಇಲ್ಲ, ಇಲ್ಲ, ಇಲ್ಲ' ಎಂದು ಗುರುತು ಹಾಕುತ್ತಿದ್ದರು. ಅವಳೂ ಹಾಕಿದಳು. ಆಸ್ಪತ್ರೆಯವರು ತಮ್ಮ ಕಾಯಿಲೆಯನ್ನು ಕಾಯಿಲೆಯೆಂದು ಎಣಿಸುವುದು ಯಾವಾಗ?

ಹನ್ನೆರಡು ಚಿತ್ರಗಳೂ ಹೆಸರಿಲ್ಲದೆ, ನುಂಗಿದ ಕ್ರಮದಲ್ಲಿ ನಂಬರು ಹಾಕಿಸಿಕೊಂಡು 'ಆರೋಗ್ಯವಂತರು' ಎಂಬ ಹೆಸರಿನಲ್ಲಿ ಯಂತ್ರದೊಳಗೆ ಸೇರಿದವು. ಆ ದಿನ ಎಲ್ಲರೂ ನೋಡಿದ್ದು ಗುಳ್ಳೆ ಇದೆಯೇ, ಮಸುಕು ಇದೆಯೇ ಎಂಬುದನ್ನು ಮಾತ್ರ. ಒಳಗೇನಿದೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಎರಡು ವರ್ಷ ಡಾಕ್ಟ್ರು ಪೇಷಂಟುಗಳ ಚಿತ್ರ ಓದುವಾಗಲೆಲ್ಲ ಸಿಸ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. "ಈ ಕೆಂಪು ಇಲ್ಲಿರಬಾರದು ನೋಡಿ. ಹೊಟ್ಟೆ ಹುಳಿ ವರ್ಷಗಟ್ಟಲೆ ಮೇಲೆ ಬಂದು ಸುಟ್ಟರೆ ಒಳಪದರ ಹೀಗೆ ಬದಲಾಗತ್ತೆ. ಇದಿದ್ದೋರಿಗೆಲ್ಲ ಕ್ಯಾನ್ಸರ್ ಆಗಲ್ಲ. ಆದರೆ ಎಷ್ಟೋ ಜನಕ್ಕೆ ಅದು ಶುರುವಾಗೋದು ಇಲ್ಲಿಂದ." ಕಲಿತ ಕಣ್ಣು ಸುಮ್ಮನಿರುತ್ತದೆಯೇ? ಮೂರು ತಿಂಗಳ ಹಿಂದೆ, ಪೋಸ್ಟರಿನ ಮೂಲೆ ಬಿಟ್ಟಿದೆಯೆಂದು ಟೇಪು ಅಂಟಿಸಲು ಹೋದವಳು, ಮೂಗು ತಾಗುವಷ್ಟು ಹತ್ತಿರದಲ್ಲಿ ಅದನ್ನು ನೋಡಿದಳು. ಕೆಳಗಿನಿಂದ ಮೇಲಕ್ಕೆ ಹಬ್ಬಿದ ಕೆಂಪು ಪಟ್ಟಿ. ಕೈಯಲ್ಲಿದ್ದ ಟೇಪು ಅವಳ ಬೆರಳಿಗೇ ಅಂಟಿಕೊಂಡಿತು.

ಅಂದಿನಿಂದ ಅವಳು ಆ ಗೋಡೆಯ ಕಡೆ ನೋಡುತ್ತಿರಲಿಲ್ಲ. ಬೆಳಕಿನ ದೋಷವಿರಬಹುದು ಎಂದುಕೊಂಡಳು. ಮುದ್ರಣದ ಬಣ್ಣವಿರಬಹುದು ಎಂದುಕೊಂಡಳು. ಇದ್ದರೆ ಇರಲಿ, ನನ್ನ ಕಾಯಿಲೆ ನನ್ನದು, ಯಾರ ಗಂಟೇನು ಹೋಗುತ್ತದೆ ಎಂದೂ ಅಂದುಕೊಂಡಳು. ಆದರೆ ಕಳೆದ ತಿಂಗಳು ಇಂಜಿನಿಯರ್ ಹೊಸ ಏರ್ಪಾಡು ತಂದರು. ಯಂತ್ರವೇ ಪೇಷಂಟಿನ ಚಿತ್ರವನ್ನು ಆ ಹನ್ನೆರಡು ಮಾದರಿಗಳ ಜೊತೆ ಹೋಲಿಸಿ ನೋಡುತ್ತದೆ. ಒಂದಕ್ಕಾದರೂ ಹೊಂದಿದರೆ ಹಸಿರು, ಪೇಷಂಟು ಮನೆಗೆ. ಯಾವುದಕ್ಕೂ ಹೊಂದದಿದ್ದರೆ ಕೆಂಪು, ಪೇಷಂಟು ಡಾಕ್ಟರ ಬಳಿಗೆ. ಒಂದು ತಿಂಗಳಿಂದ ಪ್ರತಿ ಹಸಿರು ದೀಪಕ್ಕೂ ಸಿಸ್ಟರ್ ಉಸಿರು ಬಿಗಿಹಿಡಿದು ಸ್ಕ್ರೀನು ನೋಡುತ್ತಿದ್ದಳು. ಸದ್ಯ, ಇವರದು ಸರಿಯಿದೆ. ಸದ್ಯ, ಇವರದೂ ಸರಿಯಿದೆ. ಇಂದು ಹದಿನಾಲ್ಕನೇ ನಂಬರಿನ ಡ್ರೈವರ್ ಬಂದಿದ್ದ.

ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಸಿಸ್ಟರ್ ಹತ್ತಿರ ಬಂದು ದನಿ ತಗ್ಗಿಸಿದಳು.

"ಏನೂ ಇಲ್ವಲ್ಲ ಸಿಸ್ಟರ್?"

"ಹಸಿರು ಬಂದಿದೆ ಅಮ್ಮಾ."

"ಅದು ಯಂತ್ರ ಹೇಳಿದ್ದಾಯ್ತು. ನೀವೂ ನೋಡಿದ್ರಲ್ಲ, ನೀವು ಹೇಳಿ. ಹತ್ತು ವರ್ಷದಿಂದ ಈ ಮನುಷ್ಯ ನೆಟ್ಟಗೆ ಮಲಗಿ ನಿದ್ದೆ ಮಾಡಿಲ್ಲ. ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸ್ತೀನಿ. ನೀವೊಂದು ಮಾತು ಹೇಳಿದ್ರೆ ನನಗೆ ಸಮಾಧಾನ."

ಹೇಳಿಬಿಡಬೇಕು ಎಂದುಕೊಂಡಳು ಸಿಸ್ಟರ್. ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಹೇಗೆ ಗೊತ್ತು ಎಂದು ಹೇಳಿದರೆ ಆ ಕುರ್ಚಿಯಲ್ಲಿ ತಾನು ಕೂರಬೇಕು. ಕೂತರೆ ಎಲ್ಲವೂ ಗೊತ್ತಾಗುತ್ತದೆ.

"ಏನೂ ಇಲ್ಲ, ಹೋಗಿ ಬನ್ನಿ," ಎಂದಳು.

ಹೆಂಡತಿ ಅವಳ ಕೈ ಹಿಡಿದು ಅದುಮಿದಳು. ಗಂಡ ಹೆಂಡತಿ ಇಬ್ಬರೂ ಬಾಗಿಲು ದಾಟಿ ಮೆಟ್ಟಿಲಿಳಿದರು. ಹೋಗುತ್ತ ಹೋಗುತ್ತ, ತಾನು ಯಾವ ಸ್ಟಾಪನ್ನೂ ಬಿಡುವವನಲ್ಲವೆಂದು ಅವನು ಹೆಂಡತಿಯ ಹತ್ತಿರ ವಾದ ಮಾಡುತ್ತಿದ್ದದ್ದು ಕೇಳಿಸುತ್ತಿತ್ತು.

ಸಿಸ್ಟರ್ ಕ್ಯಾಪ್ಸೂಲನ್ನು ತೊಳೆಯಲು ಸಿಂಕಿನ ಹತ್ತಿರ ಹೋದಳು. ಅದನ್ನು ಸೋಪಿನಲ್ಲಿ ತೊಳೆದು, ದಾರವನ್ನು ಸುರುಳಿ ಸುತ್ತಿ, ಔಷಧಿ ನೀರಿನ ಟ್ರೇಯಲ್ಲಿ ಮುಳುಗಿಸಿ ಇಪ್ಪತ್ತು ನಿಮಿಷ ಇಡಬೇಕು. ಕೈ ಕೆಲಸ ಮಾಡುತ್ತಿತ್ತು, ತಲೆ ಬೆಳಗಿನ ಊಟದ ಮೇಜಿನ ಬಳಿ ಇತ್ತು. ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಾತು ಕಡಿಮೆ, ಕೆಲಸ ಜಾಸ್ತಿ; ಫೋನು ಬಂದರೂ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹೊಲಿಯುತ್ತಲೇ ಮಾತಾಡುವ ಆಸಾಮಿ. ಹದಿನೈದು ದಿನದ ಹಿಂದೆ ಅವಳ ತಟ್ಟೆಯ ಪಕ್ಕದಲ್ಲಿ ಲೋಟದ ಬದಲು ಒಂದು ದೊಡ್ಡ ನೀರಿನ ಜಗ್ಗು ಬಂದು ಕೂತಿತ್ತು. "ಇದೇನ್ರೀ?" ಎಂದು ಕೇಳಿದ್ದಕ್ಕೆ, "ಪದೇಪದೇ ಎದ್ದು ಹೋಗ್ತೀಯಲ್ಲ, ಇರಲಿ," ಎಂದಿದ್ದ, ಅಷ್ಟೇ. ತುತ್ತಿಗೊಂದು ಗುಟುಕು ನೀರು ಕುಡಿಯುತ್ತಿದ್ದೇನೆಂದು ಅವಳಿಗೇ ಆಗ ಗೊತ್ತಾದದ್ದು. ಈ ದಿನ ಬೆಳಿಗ್ಗೆ ಆ ಜಗ್ಗು ನೋಡಿ ಅವಳಿಗೆ ತಿನ್ನುವ ಮನಸ್ಸಾಗಲಿಲ್ಲ. ತಟ್ಟೆ ಸರಿಸಿ ಎದ್ದು ಬಂದಿದ್ದಳು.

ಅವಳ ಅಪ್ಪನಿಗೂ ಹೀಗೇ ಶುರುವಾದದ್ದು. ಮೊದಲು ನೀರು. ಆಮೇಲೆ ಬ್ರೆಡ್ಡನ್ನು ಚಹದಲ್ಲಿ ಅದ್ದಿಕೊಂಡು. ಆಮೇಲೆ ಬರೀ ಚಹ. ಕೊನೆಗೆ ಅದೂ ಇಳಿಯದೆ, ಮಗಳು ನರ್ಸಿಂಗ್ ಮೊದಲ ವರ್ಷದಲ್ಲಿರುವಾಗ ಹೋಗಿಬಿಟ್ಟ. "ಏನಿಲ್ಲ ಬಿಡು, ಗ್ಯಾಸು," ಎಂದು ಕೊನೆಯವರೆಗೂ ಹೇಳುತ್ತಿದ್ದ. ಆ ಮಾತು ನೆನಪಾದರೆ ಅವಳಿಗೆ ಇವತ್ತಿಗೂ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ಅವತ್ತು ಅವನು ಮಾಡಿದ್ದನ್ನೇ ಇವತ್ತು ತಾನೂ ಮಾಡಿದ್ದೇನಲ್ಲ, ಅದೂ ಬೇರೆಯವರ ಗಂಡನಿಗೆ, ಎಂದು ಹೊಳೆಯಿತು. ನಲ್ಲಿ ನಿಲ್ಲಿಸುವುದನ್ನೂ ಮರೆತು ಕೋಣೆಯಿಂದ ಹೊರಗೆ ಬಂದಳು.

ಮೂರು ಮಹಡಿ ಇಳಿಯುವಷ್ಟರಲ್ಲಿ ಅವಳಿಗೆ ಏದುಸಿರು. ಹೊರಗಿನ ಗೇಟಿನಲ್ಲಿ ಅವರಿಲ್ಲ. ಬಸ್ ಸ್ಟಾಪಿನಲ್ಲೂ ಇಲ್ಲ. ಹೋಗಿಬಿಟ್ಟರು, ಎಂದುಕೊಂಡಾಗ ಒಂದು ಗಳಿಗೆ, ಒಂದೇ ಗಳಿಗೆ, ಅವಳಿಗೆ ಹಗುರವೆನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಷ್ಟರಲ್ಲಿ ಆಸ್ಪತ್ರೆಯ ಕ್ಯಾಂಟೀನಿನಿಂದ ಆ ಹೆಂಡತಿಯ ದನಿ ಕೇಳಿಸಿತು.

ರಾತ್ರಿಯಿಂದ ಉಪವಾಸವಿದ್ದ ಡ್ರೈವರ್ ಒಂದು ದಪ್ಪ ಬನ್ನು ತೆಗೆದುಕೊಂಡು ಸಂಭ್ರಮದಿಂದ ತಿನ್ನುತ್ತಿದ್ದ. ಒಂದು ಕಚ್ಚು, ಒಂದು ಗುಟುಕು ನೀರು. ಇನ್ನೊಂದು ಕಚ್ಚು, ಇನ್ನೊಂದು ಗುಟುಕು. ಎದೆಯ ಮಧ್ಯೆ ಅಂಗೈಯಿಂದ ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದ. ಹೆಂಡತಿ ಅವನ ಲೋಟಕ್ಕೆ ಮತ್ತೆ ನೀರು ತುಂಬಿಸುತ್ತ ಏನೋ ಹೇಳಿ ನಗುತ್ತಿದ್ದಳು.

ಸಿಸ್ಟರ್ ಅವರ ಮೇಜಿನ ಹತ್ತಿರ ಹೋಗಿ ನಿಂತಳು.

"ಅಣ್ಣಾ, ಮೇಲೆ ಬನ್ನಿ."

"ಯಾಕೆ ಸಿಸ್ಟರ್? ಹಸಿರು ಬಂತಲ್ಲ?"

"ಬಂತು. ಆದ್ರೆ ಅದು ತಪ್ಪು ಹಸಿರು. ನಾನು ಸುಳ್ಳು ಹೇಳಿದೆ ನಿಮಗೆ. ಡಾಕ್ಟ್ರು ಒಂದ್ಸಲ ನೋಡ್ಬೇಕು, ಬನ್ನಿ."

ಹೆಂಡತಿಯ ಕೈಯಲ್ಲಿದ್ದ ನೀರಿನ ಪಾತ್ರೆ ಮೇಜಿಗೆ ತಾಗಿ ಸ್ವಲ್ಪ ಚೆಲ್ಲಿತು. ಅವಳು ಉಳಿದ ಬನ್ನನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿ ಎದ್ದಳು.

ದೊಡ್ಡ ಡಾಕ್ಟ್ರು ಮೀಟಿಂಗಿಗೆ ಹೊರಟು ಕಾರಿಡಾರಿನಲ್ಲಿ ಬರುತ್ತಿದ್ದರು. ಕುಳ್ಳಗಿನ ಹೆಂಗಸು, ನರೆತ ಕೂದಲು, ನಡಿಗೆಯಲ್ಲಿ ಸದಾ ಅವಸರ. ಸಿಸ್ಟರ್ ಅವರ ದಾರಿಗೆ ಅಡ್ಡ ನಿಂತಳು.

"ಮೇಡಂ, ಇವರ ಚಿತ್ರ ನೀವೊಂದ್ಸಲ ನೋಡ್ಬೇಕು."

"ಕೆಂಪು ಬಂತಾ?"

"ಇಲ್ಲ ಮೇಡಂ, ಹಸಿರು ಬಂತು. ಬರಬಾರದಿತ್ತು."

ಡಾಕ್ಟ್ರು ಅವಳ ಮುಖವನ್ನೇ ನೋಡಿದರು. ಆಮೇಲೆ ಫೈಲನ್ನು ಕಂಕುಳಿಗೆ ಸೇರಿಸಿ ಕೋಣೆಯೊಳಕ್ಕೆ ನಡೆದರು. ಸಿಂಕಿನ ನಲ್ಲಿ ಇನ್ನೂ ಹರಿಯುತ್ತಿತ್ತು. ಅದನ್ನು ನಿಲ್ಲಿಸಿ, ಸ್ಕ್ರೀನಿನ ಮುಂದೆ ನಿಂತು, "ತೋರಿಸಿ," ಎಂದರು. ಚಿತ್ರ ಮೂವತ್ತೈದರ ಹತ್ತಿರ ಬಂದಾಗ ಕೈಯೆತ್ತಿ ನಿಲ್ಲಿಸಿದರು.

"ಇದಕ್ಕೆ ಹಸಿರು ಕೊಡ್ತಾ ನಿಮ್ಮ ಯಂತ್ರ?"

"ಸುಮ್ನೆ ಕೊಡಲ್ಲ ಮೇಡಂ," ಎಂದರು ಇಂಜಿನಿಯರ್, ಮಗುವನ್ನು ಯಾರೋ ಬೈದ ಹಾಗೆ ನೊಂದುಕೊಂಡು. "ನಾಲ್ಕನೇ ಮಾದರಿಗೆ ನೂರಕ್ಕೆ ತೊಂಬತ್ತಾರು ಪಾಲು ಹೊಂದುತ್ತೆ, ನೀವೇ ನೋಡಿ. ನಾಲ್ಕನೇದು ಆರೋಗ್ಯವಾಗಿರೋರದು ತಾನೇ?"

"ಅಲ್ಲ ಸಾರ್," ಎಂದಳು ಸಿಸ್ಟರ್.

"ನಿಮಗೆ ಹೇಗೆ ಗೊತ್ತು?"

"ಆ ನಾಲ್ಕು ನಾನೇ."

ಬೆಂಚಿನ ಮೇಲೆ ಕೂತ ಗಂಡ ಹೆಂಡತಿಗೆ ಪೂರ್ತಿ ಅರ್ಥವಾಗದಿದ್ದರೂ, ಆಗಬಾರದ್ದು ಏನೋ ಆಗಿದೆಯೆಂದು ಗೊತ್ತಾಯಿತು. ಡಾಕ್ಟ್ರು ಮೆಲ್ಲಗೆ ಗೋಡೆಯ ಕಡೆ ನಡೆದು, ಪೋಸ್ಟರಿನ ಮುಂದೆ ನಿಂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಬೆರಳನ್ನು ಆ ಕೆಂಪು ಪಟ್ಟಿಯ ಉದ್ದಕ್ಕೂ ಮೇಲಿನವರೆಗೆ ಓಡಿಸಿದರು.

"ಎರಡು ವರ್ಷದಿಂದ ಇದರ ಮುಂದೆ ಓಡಾಡ್ತಿದೀನಿ," ಎಂದರು. "ಆ ಹನ್ನೆರಡಕ್ಕೂ ಸಹಿ ಹಾಕಿದವಳು ನಾನೇ." ತಿರುಗದೆಯೇ ಕೇಳಿದರು. "ನಿಮಗೆ ಯಾವಾಗ ಗೊತ್ತಾಯ್ತು?"

"ಮೂರು ತಿಂಗಳಾಯ್ತು ಮೇಡಂ."

"ಮೂರು ತಿಂಗಳು! ಒಂದು ತಿಂಗಳಿಂದ ಜನ ಹಸಿರು ಚೀಟಿ ಹಿಡ್ಕೊಂಡು ಮನೆಗೆ ಹೋಗ್ತಿದಾರೆ, ನೀವು ಬಾಯಿಗೆ ಬೀಗ ಹಾಕ್ಕೊಂಡು..."

"ಹೆದರಿಕೆ ಆಯ್ತು ಮೇಡಂ," ಎಂದಳು ಸಿಸ್ಟರ್. ದನಿ ಒಡೆಯಿತು. "ನಮ್ಮಪ್ಪ ಹೋಗಿದ್ದು ಇದರಲ್ಲೇ. ನೋಡಿದ್ರೆ ನಿಜ ಆಗಿಬಿಡತ್ತೆ ಅಂತ ಹೆದರಿಕೆ. ತಪ್ಪು ಮಾಡಿದೆ."

ಡಾಕ್ಟ್ರು ಇಂಜಿನಿಯರ್ ಕಡೆ ತಿರುಗಿ, ಇದುವರೆಗೆ ಹಸಿರು ಬಂದವರು ಎಷ್ಟು ಜನ ಎಂದು ಕೇಳಿದರು. ನಲವತ್ತೊಂದು, ಎಂದರು ಇಂಜಿನಿಯರ್. ಎಲ್ಲರ ಚಿತ್ರಗಳನ್ನೂ ಇಂದೇ ತೆಗೆದಿಡಿ, ನಾನೇ ಒಂದೊಂದಾಗಿ ನೋಡುತ್ತೇನೆ. ಹನ್ನೆರಡು ಮಾದರಿಗಳನ್ನೂ ಮೊದಲಿಂದ ನೋಡುತ್ತೇನೆ, ನನ್ನದೂ ಸೇರಿ, ಎಂದರು. ಡ್ರೈವರನ ಮುಂದೆ ಹೋಗಿ ಕೂತು, ನಾಳೆ ಕೊಳವೆ ಇಳಿಸಿ, ಒಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೆಂದು ನಿಧಾನವಾಗಿ ವಿವರಿಸಿದರು. ಬೇಗ ಕಣ್ಣಿಗೆ ಬಿದ್ದದ್ದು ಒಳ್ಳೆಯದಾಯಿತು, ಗಾಬರಿಪಡಬೇಡಿ ಎಂದರು. ಡ್ರೈವರ್ ತಲೆಯಾಡಿಸಿದ. ಹೆಂಡತಿ ಅವನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದಳು.

ಮೀಟಿಂಗಿನ ಕಡೆಯಿಂದ ಎರಡು ಸಲ ಫೋನು ಬಂತು. ಡಾಕ್ಟ್ರು ಎತ್ತಲಿಲ್ಲ.

"ಸಿಸ್ಟರ್, ಬೈಯೋದು ಇದೆ, ಆಮೇಲೆ ಬೈತೀನಿ. ಬೆಳಗ್ಗೆ ಏನಾದ್ರೂ ತಿಂದಿದೀರಾ?"

"ಇಲ್ಲ ಮೇಡಂ."

"ಹಾಗಾದ್ರೆ ಕೂತ್ಕೊಳ್ಳಿ. ಎರಡು ವರ್ಷದಲ್ಲಿ ಎಷ್ಟು ಮೇಲೆ ಬಂದಿದೆ, ನೋಡೇಬಿಡೋಣ."

ಸಿಸ್ಟರ್ ಕುರ್ಚಿಯಲ್ಲಿ ಕೂತಳು. ಎರಡು ವರ್ಷ ಆ ಕುರ್ಚಿಯ ಎದುರು ಕೂತವಳಿಗೆ ಅದರ ಕೈಗಳು ಇಷ್ಟು ತಣ್ಣಗಿರುತ್ತವೆಂದು ಗೊತ್ತಿರಲಿಲ್ಲ. ಇಂಜಿನಿಯರ್ ಎದ್ದು ಬಂದು, ಪೋಸ್ಟರಿನ ನಾಲ್ಕು ಮೂಲೆಯ ಟೇಪನ್ನೂ ಉಗುರಿನಿಂದ ಬಿಡಿಸಿ, ಅದನ್ನು ಕೆಳಗಿಳಿಸಿ, ಚಿತ್ರ ಒಳಗಾಗುವಂತೆ ಸುರುಳಿ ಸುತ್ತಿದರು. ಪೋಸ್ಟರ್ ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಇನ್ನೂ ಹೊಸದಾಗಿತ್ತು. ಡಾಕ್ಟ್ರು ಬೇರೊಂದು ಕ್ಯಾಪ್ಸೂಲು ತೆಗೆದು ಅವಳ ನಾಲಿಗೆಯ ಮೇಲಿಟ್ಟರು.

ಹೋಗಲಿಲ್ಲ.

ನೀರು ಕುಡಿದಳು, ನೀರು ಹೋಯಿತು, ಕ್ಯಾಪ್ಸೂಲು ನಿಂತಲ್ಲೇ ನಿಂತಿತು. ಮತ್ತೆ ಕುಡಿದಳು. ಹಣೆ ಬೆವರಿತು. "ನುಂಗಿ ಸಿಸ್ಟರ್, ನಿಮಗೆ ಗೊತ್ತಿಲ್ದೇ ಇರೋದೇನಿದೆ," ಎಂದು ಡಾಕ್ಟ್ರು ಹೇಳಿದರು. ಚಿತ್ರ ಓದುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ನುಂಗಿಸುವ ವಿದ್ಯೆ ಮಾತ್ರ ಅವರಿಗೆ ಒಲಿದಿರಲಿಲ್ಲ. ಗಂಟಲು ಮುಚ್ಚಿಕೊಂಡು ಕೂತಿತು. ತನಗೆ ನುಂಗಲು ಬರುತ್ತಿಲ್ಲ, ಅಪ್ಪನಿಗೂ ಹೀಗೇ, ಹೀಗೇ ಶುರುವಾದದ್ದು, ಎಂಬುದೊಂದೇ ಅವಳ ತಲೆಯಲ್ಲಿ ಸುತ್ತತೊಡಗಿತು.

ಡ್ರೈವರ್ ಬೆಂಚಿನಿಂದ ಎದ್ದು ಬಂದ. ಡಾಕ್ಟರ ಕೈಯಿಂದ ನೀರಿನ ಲೋಟ ತೆಗೆದುಕೊಂಡು ಸಿಸ್ಟರ್ ಎದುರಿನ ಸ್ಟೂಲಿನ ಮೇಲೆ ಕೂತ.

"ಸಿಸ್ಟರ್, ಒಂದ್ ವಿಷಯ ಇತ್ಯರ್ಥ ಆಗ್ಬೇಕು. ನಾನು ಹದಿನಾಲ್ಕು ಓಡಿಸೋಕೆ ಶುರು ಮಾಡಿ ಒಂಬತ್ತು ವರ್ಷ. ಒಂದು ದಿನ ಒಂದು ಸ್ಟಾಪು ಬಿಟ್ಟವನಲ್ಲ. ನೀವು ಕಾದಿದ್ದು ಯಾವ ಸ್ಟಾಪಲ್ಲಿ? ಕೈ ತೋರ್ಸಿದ್ರಾ? ಇಲ್ಲ ಫೋನ್ ನೋಡ್ಕೊಂಡು ನಿಂತಿದ್ರಾ? ಕೈ ತೋರ್ಸದೇ ಇರೋರು ಎಲ್ಲಾ ಡ್ರೈವರ್ ಮೇಲೇ ಹಾಕೋದು!"

ಸಿಸ್ಟರಿಗೆ ಅಳುವಿನ ನಡುವೆ ನಗು ಬಂತು. ಅಂಥ ಸ್ಟಾಪೇ ಇರಲಿಲ್ಲ. ಅವಳು ದಿನವೂ ನಡೆದೇ ಬರುತ್ತಿದ್ದಳು. ಅದನ್ನು ಹೇಳಬೇಕೆಂದು ಬಾಯಿ ತೆರೆದಳು. ಲೋಟ ತುಟಿಗೆ ಬಂತು. ಗುಟುಕ್ ಎಂದಿತು.

"ಹೋಯ್ತು, ಹೋಯ್ತು!" ಎಂದಳು ಬೆಂಚಿನಿಂದ ಹೆಂಡತಿ.

ಡಾಕ್ಟ್ರು ದಾರ ಎಳೆಯತೊಡಗಿದರು. ಗೆರೆ ಹೇಳಬೇಕೆಂದು ಅವರಿಗೆ ನೆನಪಿರಲಿಲ್ಲ. ಡ್ರೈವರ್ ತಾನೇ ಬಗ್ಗಿ ನೋಡಿ, ತನ್ನ ಸರದಿಯಲ್ಲಿ ಸಿಸ್ಟರ್ ಹೇಳಿದ್ದ ಹಾಗೆಯೇ, "ನಲವತ್ತೈದು," ಎಂದ. "ನಲವತ್ತು." ಸಿಸ್ಟರಿಗೆ ಸ್ಕ್ರೀನು ಕಾಣುತ್ತಿರಲಿಲ್ಲ, ಎದುರಿಗೆ ಗೋಡೆ ಮಾತ್ರ. ಅವಳು ಕಣ್ಣು ಓರೆಮಾಡಿ ಮುಖಗಳನ್ನು ನೋಡಿದಳು. ಡಾಕ್ಟರ ಮುಖದಲ್ಲಿ ಏನೂ ಇರಲಿಲ್ಲ. ಇಂಜಿನಿಯರ್‌ಗೆ ಮುಖದಲ್ಲಿ ಬಚ್ಚಿಡುವ ಅಭ್ಯಾಸವಿರಲಿಲ್ಲ. "ಮೂವತ್ತೈದು," ಎಂದ ಡ್ರೈವರ್. ಇಂಜಿನಿಯರ್ ಕನ್ನಡಕವನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡರು. ಅವರು ಚಿತ್ರವನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. "ಮೂವತ್ತು."

ಕ್ಯಾಪ್ಸೂಲು ಹೊರಗೆ ಬಂದ ಮೇಲೆ ಸಿಸ್ಟರ್ ಬಾಯಿ ಒರೆಸಿಕೊಂಡಳು.

"ಸ್ಪಷ್ಟ ಇದೆಯಾ ಸಾರ್?"

"ಇದೆ," ಎಂದರು ಇಂಜಿನಿಯರ್. ಅಷ್ಟು ಮೆಲ್ಲಗೆ ಅವರು ಆ ಮಾತು ಹೇಳಿದ್ದು ಅದೇ ಮೊದಲು.

ನಾಳೆ ಬೆಳಿಗ್ಗೆ ಇಬ್ಬರಿಗೂ ಕೊಳವೆ ಇಳಿಸೋಣ, ಒಬ್ಬರಾದ ಮೇಲೊಬ್ಬರಿಗೆ, ಎಂದರು ಡಾಕ್ಟ್ರು. ಚೀಟಿ ಬರೆದುಕೊಡುತ್ತೇನೆ, ಹೊರಗೆ ಕೂತಿರಿ. ಮಂಪರು ಬರಿಸುವುದರಿಂದ ಜೊತೆಗೆ ಮನೆಯವರು ಒಬ್ಬರು ಬರಬೇಕು, ಈಗಲೇ ಫೋನು ಮಾಡಿ ಹೇಳಿ, ಎಂದರು. ಸಿಸ್ಟರ್ ಅಭ್ಯಾಸಬಲದಿಂದ ಕ್ಯಾಪ್ಸೂಲು ತೊಳೆಯಲು ಸಿಂಕಿನ ಕಡೆ ಹೊರಟಳು. ಡಾಕ್ಟ್ರು ಅವಳ ಕೈಯಿಂದ ಅದನ್ನು ತೆಗೆದುಕೊಂಡು ತಾವೇ ನಲ್ಲಿ ತಿರುಗಿಸಿದರು.

ಕಾರಿಡಾರಿನಲ್ಲಿ ಪೇಷಂಟುಗಳಿಗೆಂದು ಹಾಕಿದ್ದ ಉದ್ದನೆಯ ಬೆಂಚು. ಅದರ ಮೇಲೆ ಅವಳು ಒಂದು ದಿನವೂ ಕೂತವಳಲ್ಲ. ಡ್ರೈವರನ ಹೆಂಡತಿ ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಸರಿದು ಜಾಗ ಮಾಡಿದಳು. ಸಿಸ್ಟರ್ ಕೂತು ಫೋನು ತೆಗೆದಳು.

ಎರಡು ಸಲ ರಿಂಗಾದ ಮೇಲೆ ಗಂಡ ಎತ್ತಿದ. ಹಿಂದಿನಿಂದ ಹೊಲಿಗೆ ಯಂತ್ರದ ಗಡಗಡ ಸದ್ದು ಕೇಳಿಸುತ್ತಿತ್ತು.

"ರೀ," ಎಂದಳು. "ನೀವು ಜಗ್ಗು ಇಟ್ರಲ್ಲ..."

ಆ ಕಡೆ ಯಂತ್ರದ ಸದ್ದು ನಿಂತಿತು.

"ಹೇಳು," ಎಂದ.